ಮಂಡಿ ಆಪರೇಷನ್: ತೀರ್ಮಾನ ಯಾರದು?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ಎರಡೂ ಮಂಡಿಗಳು ಸವೆದು, ಮೆಟ್ಟಿಲು ಹತ್ತುವುದು ಕಷ್ಟವಾಗಿದೆ. ಮೂಳೆತಜ್ಞರು ಎಕ್ಸ್‌ರೇ ನೋಡಿ, "ಕೀಲು ಬದಲಿಸಬಹುದು, ವ್ಯಾಯಾಮ-ಮಾತ್ರೆಗಳಲ್ಲೇ ಇನ್ನಷ್ಟು ಕಾಲ ಮುಂದುವರಿಯಲೂಬಹುದು, ಯೋಚಿಸಿ ಹೇಳಿ" ಎಂದರು. ಅಮ್ಮ "ಡಾಕ್ಟರಿಗಿಂತ ನನಗೇನು ಗೊತ್ತು" ಎನ್ನುತ್ತಾರೆ. ತೀರ್ಮಾನವನ್ನು ನಮ್ಮ ತಲೆಗೆ ಕಟ್ಟುವ ವೈದ್ಯರನ್ನು ನಂಬಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಂಬಬಹುದು. ಆದರೆ ಯೋಚಿಸಲು ಬೇಕಾದ ವಿವರಗಳನ್ನು ಅವರು ಕೊಟ್ಟರೇ ಎಂಬುದು ನಿಮ್ಮ ಪತ್ರದಲ್ಲಿಲ್ಲ. ಎರಡು ದಾರಿ ತೋರಿಸಿ ಸುಮ್ಮನಾದರೆ ವೈದ್ಯರ ಕೆಲಸ ಅರ್ಧವಷ್ಟೇ ಆದಂತೆ.

ಹೃದಯಾಘಾತದಂತಹ ತುರ್ತಿನಲ್ಲಿ ಚರ್ಚೆಗೆ ಹೆಚ್ಚು ಸಮಯವಿರುವುದಿಲ್ಲ. ಮಂಡಿ ಸವೆತದಲ್ಲಿ ಸಾಮಾನ್ಯವಾಗಿ ಅಂಥ ಅವಸರವಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ರೋಗಿ ಪಡುವ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲವಾದ್ದರಿಂದ, ನೋವು ಎಷ್ಟು ಬಾಧಿಸುತ್ತಿದೆ ಎಂಬುದನ್ನು ನಿಮ್ಮ ತಾಯಿಯೇ ಹೇಳಬೇಕು. ಕೀಲು ಬದಲಿಸಿದ ಮೇಲೆ ಹೆಚ್ಚಿನವರಿಗೆ ನೋವು ಬಹಳ ಇಳಿಯುತ್ತದೆ; ಆದರೂ ನೂರರಲ್ಲಿ ಸುಮಾರು 10ರಿಂದ 20 ಮಂದಿಗೆ ಅದು ಒಂದಷ್ಟು ಉಳಿದುಕೊಳ್ಳುತ್ತದೆ. ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಮುಂತಾದ ಅಪಾಯಗಳಿವೆ, ಫಿಸಿಯೋಥೆರಪಿಯನ್ನು ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ನಮ್ಮ ಮನೆಗಳಲ್ಲಿ ಮುಖ್ಯವಾದ ಇನ್ನೊಂದು ಸಂಗತಿಯಿದೆ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂತು ರಂಗೋಲಿ ಇಡುವುದು ಹಲವರಿಗೆ ಆಮೇಲೆ ಸಾಧ್ಯವಾಗುವುದಿಲ್ಲ. ಮಣೆಯ ಮೇಲೆ ಕೂತು ಪೂಜೆ ಮಾಡುವುದೇ ನಿಮ್ಮ ತಾಯಿಗೆ ಮುಖ್ಯವೋ, ಲಿಫ್ಟ್ ಇಲ್ಲದ ಮನೆಯಿಂದ ದಿನವೂ ಇಳಿದು ಗಾಂಧಿಬಜಾರಿಗೆ ನಡೆದು ಹೋಗುವುದು ಮುಖ್ಯವೋ ಎಂಬುದು ಅವರು ಬಾಯಿಬಿಟ್ಟು ಹೇಳದ ಹೊರತು ಯಾವ ತಜ್ಞರಿಗೂ ತಿಳಿಯದು.

ಸಾಮಾನ್ಯವಾಗಿ ಮಗ ಫೈಲು ಹಿಡಿದು ವೈದ್ಯರ ಎದುರಿನ ಕುರ್ಚಿಯಲ್ಲಿ ಕೂತಿರುತ್ತಾನೆ, ತಾಯಿ ಪಕ್ಕದ ಸ್ಟೂಲಿನಲ್ಲಿ. ಮುಂದಿನ ಸಲ ಆ ಕುರ್ಚಿಯನ್ನು ಅವರಿಗೆ ಬಿಟ್ಟುಕೊಡಿ. ಈಗ ಮಾಡಿಸದಿದ್ದರೆ ಏನಾಗುತ್ತದೆ, ಎರಡೂ ಮಂಡಿಗಳನ್ನು ಒಟ್ಟಿಗೇ ಮಾಡಬೇಕೇ, ಒಟ್ಟು ಖರ್ಚೆಷ್ಟು ಎಂದು ಅವರೆದುರೇ ಕೇಳಿ.

ಕಾನೂನೂ ಇದನ್ನೇ ಬಯಸುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಬದಲಿ ದಾರಿಗಳು, ಅಪಾಯಗಳು ಹಾಗೂ ನಿರಾಕರಿಸಿದರೆ ಆಗುವ ಪರಿಣಾಮಗಳನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದಿತು. ತುರ್ತಿಲ್ಲದಿದ್ದಾಗ, ಅರಿವಳಿಕೆಯಲ್ಲಿದ್ದ ವಯಸ್ಕ ರೋಗಿಯ ಪರವಾಗಿ ಆಕೆಯ ತಾಯಿ ಕೊಟ್ಟ ಒಪ್ಪಿಗೆ ಸಲ್ಲದೆಂದಿತು. ಆದ್ದರಿಂದ ನಿಮ್ಮ ತಾಯಿಯ ಬದಲು ನೀವು ಸಹಿ ಹಾಕಿ ಮುಗಿಸುವ ವಿಷಯ ಇದಲ್ಲ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ದಾಖಲೆಗಳ ಪ್ರತಿ ಕೇಳಿ. 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ 72 ಗಂಟೆಗಳೊಳಗೆ ಕೊಡಬೇಕು.

ಎಲ್ಲವನ್ನೂ ಕೇಳಿ ಅರ್ಥ ಮಾಡಿಕೊಂಡ ಮೇಲೂ ಅಮ್ಮ "ನೀವೇ ಹೇಳಿ ಡಾಕ್ಟ್ರೇ, ಹಾಗೇ ಮಾಡೋಣ" ಎಂದರೆ ಅದೂ ಅವರದೇ ತೀರ್ಮಾನ. ಆಗ ವೈದ್ಯರು ನುಣುಚಿಕೊಳ್ಳದೆ ತಮ್ಮ ಸಲಹೆಯನ್ನು ಸ್ಪಷ್ಟವಾಗಿ ಹೇಳಬೇಕು.