ದೊಡ್ಡ ಡಾಕ್ಟರನ್ನು ಹುಡುಕುವ ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ

ಪ್ರಶ್ನೆ: ನಮ್ಮ ಮನೆ ಬೈಂದೂರು ತಾಲೂಕಿನ ಘಟ್ಟದ ಬುಡದಲ್ಲಿದೆ. 24 ವರ್ಷದ ತಮ್ಮ ಆರು ತಿಂಗಳಿನಿಂದ ಒಬ್ಬನೇ ಮಾತನಾಡುತ್ತಾನೆ, ರಾತ್ರಿ ನಿದ್ರಿಸುವುದಿಲ್ಲ, ಅನ್ನಕ್ಕೆ ಯಾರೋ ವಿಷ ಹಾಕಿದ್ದಾರೆ ಎಂದು ತಟ್ಟೆ ತಳ್ಳುತ್ತಾನೆ. ಎರಡು ಕಡೆ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದಾಗ ಮಾಟವೆಂದರು. ಆಸ್ಪತ್ರೆ ಎಂದರೆ ಅವನು ಹೊರಡುವುದೇ ಇಲ್ಲ. ಮಂಗಳೂರಿನಲ್ಲಿ ಇದಕ್ಕೆ ದೊಡ್ಡ ಡಾಕ್ಟರು ಯಾರು?

ಉತ್ತರ: ದೊಡ್ಡ ಡಾಕ್ಟರು ಯಾರೆಂದು ಕೇಳುವ ಪತ್ರಗಳು ನಿಲ್ಲುವುದೇ ಇಲ್ಲ, ತಿಂಗಳು ತಿಂಗಳು ತಪ್ಪದೆ ಹೋಗಲು ಸಾಧ್ಯವಾಗುವ ಡಾಕ್ಟರು ಎಲ್ಲಿದ್ದಾರೆಂದು ಕೇಳುವವರು ವಿರಳ. ಪತ್ರ ನೋಡಿ ರೋಗ ನಿರ್ಧರಿಸುವುದು ಸರಿಯಲ್ಲ. ಆದರೆ ನೀವು ಬರೆದ ಲಕ್ಷಣಗಳು, ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಿಜವೆಂದು ನಂಬುವ ಕಾಯಿಲೆಯಾದ ಸೈಕೋಸಿಸ್‌ನಲ್ಲಿ ಕಾಣುವಂಥವು, ಮತ್ತು ಅದಕ್ಕೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ಔಷಧ ಆರಂಭಿಸಿದರೆ ನಿದ್ರೆ ಕೆಲವು ದಿನಗಳಲ್ಲಿ ಸುಧಾರಿಸಬಹುದು. ಸಂಶಯ ಕರಗಲು ವಾರಗಳು ಬೇಕು, ಅನಂತರವೂ ಸಾಮಾನ್ಯವಾಗಿ ಒಂದೆರಡು ವರ್ಷ ಔಷಧ ಮುಂದುವರಿಯಬೇಕು. ಸಾಲ ಮಾಡಿ ಬಾಡಿಗೆ ಕಾರಿನಲ್ಲಿ ಒಮ್ಮೆ ಮಂಗಳೂರಿಗೆ ಬಂದು, ಒಂದು ತಿಂಗಳ ಮಾತ್ರೆ ಮುಗಿದ ಮೇಲೆ ಮತ್ತೆ ಬರಲಾಗದೆ ನಿಲ್ಲಿಸುವವರಿಗೆ ಆ ಡಾಕ್ಟರ ಹೆಸರಿನಿಂದ ಯಾವ ಉಪಯೋಗವೂ ಆಗುವುದಿಲ್ಲ.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ, ಏಕೆಂದರೆ ಜ್ವರ, ತಲೆಗೆ ಬಿದ್ದ ಏಟು, ಗಾಂಜಾ, ಥೈರಾಯ್ಡ್ ತೊಂದರೆ ಇವೂ ಮನಸ್ಸನ್ನು ಕೆಡಿಸಬಲ್ಲವು. ಅಲ್ಲಿಂದ ಕುಂದಾಪುರದ ತಾಲೂಕು ಆಸ್ಪತ್ರೆಗೆ ಹೋಗಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ; ಹೊರಡುವ ಮುನ್ನ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯ ಮೂಲಕ ಖಚಿತಪಡಿಸಿಕೊಳ್ಳಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಿದೆ.

ತಮ್ಮ ಬರಲೊಪ್ಪದಿದ್ದರೆ ಮೊದಲ ಸಲ ನೀವೇ ಹೋಗಿ ವಿವರ ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ವಿಷ ಹಾಕಿಲ್ಲವೆಂದು ಅವನೊಡನೆ ವಾದಿಸಬೇಡಿ, ಹೌದೆಂದು ತಲೆಯಾಡಿಸಲೂ ಬೇಡಿ. ನಿದ್ರೆಯಿಲ್ಲದೆ ಅವನಿಗಾಗುತ್ತಿರುವ ಸಂಕಟವನ್ನು ಹಿಡಿದು ಮಾತನಾಡಿದರೆ ಹಲವರು ಡಾಕ್ಟರಲ್ಲಿಗೆ ಬರಲು ಒಪ್ಪುತ್ತಾರೆ. ಮಾತ್ರೆಯನ್ನು ಪುಡಿಮಾಡಿ ಗಂಜಿಗೆ ಬೆರೆಸುವ ಉಪಾಯವನ್ನು ಮಾತ್ರ ಮಾಡಬೇಡಿ: ವಿಷದ ಭಯದಲ್ಲಿರುವವನ ಕೈಗೆ ಆ ಪುಡಿ ಸಿಕ್ಕಿದರೆ ಅವನ ಭಯವೇ ನಿಜವಾದಂತಾಗಿ, ಆ ಮನೆಯಲ್ಲಿ ಅವನು ಮತ್ತೆ ಯಾರನ್ನೂ ನಂಬುವುದಿಲ್ಲ. ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಅದನ್ನು ನಿಮ್ಮ ಊರಿನ ಕೇಂದ್ರದಲ್ಲಿಯೇ ಕೊಡಿಸಲು ಸಾಧ್ಯವೇ ಎಂದು ಮನೋವೈದ್ಯರನ್ನು ಕೇಳಿ. ಕೈ ನಡುಕ, ಕುತ್ತಿಗೆ ಸೆಳೆತ ಕಂಡರೆ ಔಷಧ ಬಿಡದೆ ಹತ್ತಿರದ ವೈದ್ಯರಿಗೆ ತೋರಿಸಿ. ಆಟಿ ತಿಂಗಳ ಮಳೆಗೆ ಬಸ್ಸು ನಿಲ್ಲುವ ಊರುಗಳವರು ಜೂನ್ ತಿಂಗಳಿಗೆ ಮೊದಲೇ ಹೆಚ್ಚಿನ ಮಾತ್ರೆ ಬರೆಸಿಕೊಳ್ಳಬೇಕು. ಅನ್ನ ನೀರು ಪೂರ್ತಿ ಬಿಟ್ಟರೆ, ಸಾಯುವ ಮಾತು ಬಂದರೆ, ಕತ್ತಿ ಕೈಗೆತ್ತಿಕೊಂಡರೆ ಮಂಗಳವಾರಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.

ನಿಮ್ಮ ಪೂಜೆಗೆ, ದೈವದ ಮೇಲಿನ ನಂಬಿಕೆಗೆ ನನ್ನ ಆಕ್ಷೇಪವಿಲ್ಲ. ಮಾತ್ರೆ ನಿಲ್ಲಿಸಿ ಎನ್ನುವ, ಬೆತ್ತದಿಂದ ಹೊಡೆಯುವ, ಸರಪಳಿ ಹಾಕುವ ಮಂತ್ರವಾದಿಯ ಬಗ್ಗೆ ಮಾತ್ರ ನನಗೆ ಕಿಂಚಿತ್ತೂ ತಾಳ್ಮೆಯಿಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯ ಮಾನಸಿಕ ರೋಗಿಗಳ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಪ್ರಶ್ನೆ: ಮದುವೆ ಮಾಡಿಸಿದರೆ ಹುಚ್ಚು ಬಿಡುತ್ತದೆಯೇ? (ಬೆಳ್ತಂಗಡಿ)

ಉತ್ತರ: ಇಲ್ಲ. ಇನ್ನೊಂದು ಮನೆಯ ಮಗಳನ್ನು ಔಷಧವೆಂದು ಬಳಸಬೇಡಿ.

ಪ್ರಶ್ನೆ: ಮಾನಸಿಕ ರೋಗದ ಮಾತ್ರೆ ಚಟವಾಗುವುದಿಲ್ಲವೇ? (ಕಾರ್ಕಳ)

ಉತ್ತರ: ಖಿನ್ನತೆ, ಸೈಕೋಸಿಸ್‌ನ ಔಷಧಗಳಿಂದ ಚಟ ಹತ್ತುವುದಿಲ್ಲ. ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದು ನುಂಗುವ ನಿದ್ರೆ ಮಾತ್ರೆಯಿಂದ ಹತ್ತುತ್ತದೆ.

ಪ್ರಶ್ನೆ: ಕುಡಿತ ಬಿಡಿಸುವ ಪುಡಿಯನ್ನು ಗೊತ್ತಾಗದಂತೆ ಸಾರಿಗೆ ಹಾಕಬಹುದೇ? (ಹೆಬ್ರಿ)

ಉತ್ತರ: ಖಂಡಿತ ಬೇಡ. ಅಂಥ ಪುಡಿಯಲ್ಲಿ, ಮದ್ಯದೊಡನೆ ಸೇರಿದರೆ ದೇಹಕ್ಕೆ ವಿಪರೀತವಾಗುವ ಡೈಸಲ್ಫಿರಾಮ್ ಎಂಬ ಔಷಧ ಇರಬಹುದು; ಅರಿಯದೆ ಅದರ ಮೇಲೆ ಕುಡಿದವರ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ನಿತ್ಯ ಕುಡಿಯುವವರು ಒಮ್ಮೆಲೇ ಬಿಟ್ಟಾಗಲೂ ಎರಡು ಮೂರು ದಿನಗಳಲ್ಲಿ ಫಿಟ್ಸ್ ಮತ್ತು ಭ್ರಮೆ ಬರಬಹುದಾದ್ದರಿಂದ, ಬಿಡಿಸುವ ಕೆಲಸವನ್ನು ವೈದ್ಯರ ನಿಗಾದಲ್ಲಿಯೇ ಮಾಡಿಸಿರಿ.