‘ಲಿನಕ್ಸ್‌ನಲ್ಲಿ ವರ್ಚುವಲ್ ಮೆಷಿನ್’: ಚಿತ್ರದುರ್ಗದ ಲೇಖಕರೊಬ್ಬರಿಗೆ ಉತ್ತರ

ದಾವಣಗೆರೆ

ಆತ್ಮೀಯರೇ,

ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದಲೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ಬಗ್ಗೆ ನೀವು ಚಿತ್ರದುರ್ಗದಿಂದ ಕಳುಹಿಸಿದ ‘ಲಿನಕ್ಸ್‌ನಲ್ಲಿ ವರ್ಚುವಲ್ ಮೆಷಿನ್: ಹತ್ತು ಹಂತಗಳು’ ಎಂಬ ಲೇಖನವನ್ನು ಪೂರ್ತಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಿ ಬರೆದರೆ ಅದು ಪ್ರಕಟವಾಗಲೇಬೇಕೆಂಬ ಆಸೆ ನನಗಿರುವುದರಿಂದ, ಎರಡು ಸಾಲಿನ ವಿಷಾದಪತ್ರ ಬರೆಯುವ ಬದಲು ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರುಗಳಲ್ಲಿ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಓದುವ ಅನೇಕ ಮಕ್ಕಳ ಕೈಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿಯೇ ಸರ್ವರ್ ಒಂದನ್ನು ಹಾಕಿ, ಕೆಡಿಸಿ, ಮತ್ತೆ ಹಾಕಿ ಕಲಿಯಬಹುದು ಎಂದು ಕನ್ನಡದಲ್ಲಿ ಹೇಳುವ ಬರಹ ಅವರಿಗೆ ಬೇಕು. ಎರಡು ವರ್ಚುವಲ್ ಮೆಷಿನ್‌ಗಳನ್ನು ಜೋಡಿಸಿ, ಒಂದನ್ನು ವೆಬ್ ಸರ್ವರ್ ಆಗಿಯೂ ಇನ್ನೊಂದನ್ನು ಡೇಟಾಬೇಸ್ ಆಗಿಯೂ ನಡೆಸುವ ಅಭ್ಯಾಸವನ್ನು ನೀವು ವಿವರಿಸಿರುವ ಭಾಗ ಬಹಳ ಚೆನ್ನಾಗಿದೆ. ಅದರಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಡಿ.

ಲೇಖನದ ಮುಖ್ಯ ದೋಷವನ್ನು ನೇರವಾಗಿಯೇ ಹೇಳುತ್ತೇನೆ. 32 ಜಿಬಿ ಮೆಮೊರಿ ಇರುವ ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಎಲ್ಲವೂ ಸರಿಯಾಗಿ ನಡೆದದ್ದನ್ನು ಕ್ರಮವಾಗಿ ಬರೆದಿದ್ದೀರಿ. ಅದೇ ಕೆಲಸ 8 ಜಿಬಿಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೂರನೆಯ ಹಂತಕ್ಕೇ ನಿಂತುಹೋದರೆ ಓದುಗರು ಎಲ್ಲಿ ನೋಡಬೇಕು, ಯಾಕೆ ನಿಂತಿತು ಎಂದು ಹೇಗೆ ತಿಳಿಯಬೇಕು ಎಂಬುದು ಎಲ್ಲಿಯೂ ಬಂದಿಲ್ಲ. ಹಂತಗಳನ್ನು ಮಾತ್ರ ಕೊಟ್ಟು ಕಾರಣವನ್ನು ಬಿಟ್ಟಾಗ, ಓದುಗರು ತಪ್ಪು ತಮ್ಮದೇ ಎಂದುಕೊಂಡು ಕೈಬಿಡುತ್ತಾರೆ.

ಆರಂಭದಿಂದಲೇ ನೋಡೋಣ. ವರ್ಚುವಲ್ ಮೆಷಿನ್ ಅನ್ನು ನಿಮ್ಮೂರಿನ ಏಳು ಸುತ್ತಿನ ಕೋಟೆಗೆ ಹೋಲಿಸಿದ್ದೀರಿ. ಊರಿನ ಅಭಿಮಾನ ಮೆಚ್ಚತಕ್ಕದ್ದೇ, ಆದರೆ ಹೋಲಿಕೆ ದಾರಿ ತಪ್ಪಿಸುತ್ತದೆ. ಕೋಟೆಯ ಸುತ್ತುಗಳು ಒಂದರೊಳಗೊಂದು ಇರುವಂಥವು. ಒಳಗಿನವರನ್ನು ಹೊರಗಿನವರಿಂದ ಕಾಯಲು ಕಟ್ಟಿದಂಥವು. ವರ್ಚುವಲ್ ಮೆಷಿನ್‌ಗಳು ಪಕ್ಕಪಕ್ಕದಲ್ಲಿ ಇರುತ್ತವೆ, ಒಳಗಿನ ವ್ಯವಸ್ಥೆ ಹೊರಗೆ ಕೈಚಾಚದಂತೆ ತಡೆಯುವುದು ಅವುಗಳ ಗೋಡೆಯ ಕೆಲಸ, ಮತ್ತು ಹೋಸ್ಟ್‌ನ (ಅವುಗಳನ್ನು ನಡೆಸುವ ನಿಜವಾದ ಕಂಪ್ಯೂಟರಿನ) ಒಡೆತನ ಇರುವವರಿಗೆ ಗೆಸ್ಟ್‌ನ (ಒಳಗೆ ನಡೆಯುವ ವರ್ಚುವಲ್ ಮೆಷಿನ್‌ನ) ಡಿಸ್ಕ್, ಮೆಮೊರಿ ಎಲ್ಲವೂ ತೆರೆದೇ ಇರುತ್ತವೆ. ಆ ಪ್ಯಾರಾವನ್ನು ತೆಗೆದು, ಅದರ ಜಾಗದಲ್ಲಿ ನಿಜ ಸ್ಥಿತಿಯನ್ನೇ ಬರೆಯಿರಿ: ಲಿನಕ್ಸ್ ಹೋಸ್ಟ್‌ನ ಪಾಲಿಗೆ ಒಂದು ವರ್ಚುವಲ್ ಮೆಷಿನ್ ಎಂದರೆ ಕ್ಯೂಎಮು ಎಂಬ ಪ್ರೋಗ್ರಾಮಿನ ಒಂದು ಸಾಮಾನ್ಯ ಪ್ರೋಸೆಸ್, ಅದರ ಒಂದೊಂದು ವರ್ಚುವಲ್ ಸಿಪಿಯು ಆ ಪ್ರೋಸೆಸ್‌ನ ಒಂದೊಂದು ಥ್ರೆಡ್, ವರ್ಚುವಲ್ ಮೆಷಿನ್‌ಗಳನ್ನು ವೇಗವಾಗಿ ನಡೆಸಲು ಪ್ರೊಸೆಸರ್‌ನಲ್ಲಿರುವ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಸೌಲಭ್ಯವನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಭಾಗವಾದ ಕೆವಿಎಂ ಆ ಪ್ರೋಸೆಸ್‌ಗೆ ಒದಗಿಸುತ್ತದೆ, ಇವೆಲ್ಲವನ್ನೂ ನಿರ್ವಹಿಸುವುದು ಲಿಬ್‌ವರ್ಟ್, ನಾವು ಕಣ್ಣಿಗೆ ಕಾಣುವಂತೆ ಬಳಸುವುದು ವರ್ಟ್-ಮ್ಯಾನೇಜರ್. ಇಷ್ಟು ತಿಳಿದರೆ ಮುಂದಿನ ಅರ್ಧದಷ್ಟು ತೊಂದರೆಗಳನ್ನು ಓದುಗರೇ ಊಹಿಸಿಕೊಳ್ಳಬಲ್ಲರು.

ಇತಿಹಾಸದ ಭಾಗದಲ್ಲಿ ಒಂದು ತಪ್ಪಿದೆ. ಕೆವಿಎಂ ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿಯಲ್ಲಿ ಹುಟ್ಟಿದ್ದಲ್ಲ. ಕುಮ್ರಾನೆಟ್ ಎಂಬ ಕಂಪನಿಯಲ್ಲಿ ಅವಿ ಕಿವಿಟಿ ಅದನ್ನು ಆರಂಭಿಸಿದರು, 2007ರ ಫೆಬ್ರುವರಿಯಲ್ಲಿ ಬಂದ 2.6.20 ಆವೃತ್ತಿಯ ಕರ್ನೆಲ್‌ನಲ್ಲಿ ಅದು ಸೇರಿತು, ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡದ್ದು 2008ರಲ್ಲಿ. ಇದಕ್ಕೆ ಎರಡು ಸಾಲು ಸಾಕು.

ಪ್ರೊಸೆಸರ್ ಪರೀಕ್ಷೆಗೆ, ಅದರ ವಿವರವಿರುವ ಸಿಪಿಯುಇನ್ಫೊ ಕಡತದಲ್ಲಿ ‘ವಿಎಂಎಕ್ಸ್’ ಅಥವಾ ‘ಎಸ್‌ವಿಎಂ’ ಎಂಬ ಗುರುತು ಇದ್ದರೆ ಸಾಕು ಎಂದಿದ್ದೀರಿ. ಹಳೆಯ ಕರ್ನೆಲ್‌ಗಳಲ್ಲಿ, ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಹೊಂದಿಕೆಗಳಲ್ಲಿ) ಆ ಸೌಲಭ್ಯವನ್ನು ಮುಚ್ಚಿದ್ದರೂ ಇಂಟೆಲ್ ಯಂತ್ರಗಳು ಆ ಗುರುತನ್ನು ತೋರಿಸುತ್ತಿದ್ದವು. ಡೆವ್ ಕೋಶದಲ್ಲಿ ‘ಕೆವಿಎಂ’ ಎಂಬ ಸಾಧನ ಇದೆಯೇ ಎಂದು ನೋಡುವುದು ಹೆಚ್ಚು ನಂಬಲರ್ಹವಾದ ಪರೀಕ್ಷೆ. ಅದು ಇಲ್ಲದಿದ್ದರೂ ಕ್ಯೂಎಮು ನಡೆಯುತ್ತದೆ ಎಂಬುದನ್ನು ದಯವಿಟ್ಟು ಸೇರಿಸಿ: ಆಗ ಅದು ಪ್ರತಿಯೊಂದು ಆದೇಶವನ್ನೂ ಸಾಫ್ಟ್‌ವೇರ್‌ನಲ್ಲಿ ಅನುವಾದಿಸಿ ನಡೆಸುವುದರಿಂದ ಗೆಸ್ಟ್ ವಿಪರೀತ ನಿಧಾನವಾಗುತ್ತದೆ. ಬಯಾಸ್‌ನ ಒಂದು ಆಯ್ಕೆಯನ್ನು ಬದಲಿಸಿದರೆ ಮುಗಿಯುವ ಕೆಲಸಕ್ಕೆ, ತನ್ನ ಲ್ಯಾಪ್‌ಟಾಪ್ ಇದಕ್ಕೆ ಆಗುವುದೇ ಇಲ್ಲ ಎಂದು ವಿದ್ಯಾರ್ಥಿ ನಿರಾಶನಾಗಬಾರದು.

ಮೆಮೊರಿಯ ವಿಷಯದಲ್ಲಿ ನಿಮ್ಮ ಸಲಹೆ ಅಪಾಯಕಾರಿಯಾಗಿದೆ. ಎರಡು ಗೆಸ್ಟ್‌ಗಳಿಗೆ ತಲಾ 4 ಜಿಬಿ ಕೊಡಲು ಹೇಳಿದ್ದೀರಿ. 8 ಜಿಬಿಯ ಯಂತ್ರದಲ್ಲಿ ಹಾಗೆ ಕೊಟ್ಟರೂ ಎರಡೂ ಶುರುವಾಗಿಬಿಡಬಹುದು, ಏಕೆಂದರೆ ಗೆಸ್ಟ್ ಬಳಸಲು ತೊಡಗಿದಂತೆ ಮಾತ್ರ ಹೋಸ್ಟ್ ಮೆಮೊರಿಯನ್ನು ನಿಜವಾಗಿ ಒದಗಿಸುತ್ತದೆ. ತೊಂದರೆ ಕಾಣಿಸುವುದು ಕೆಲಸ ಮಧ್ಯದಲ್ಲಿರುವಾಗ: ಮೊದಲು ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್‌ನ ಜಾಗ) ತುಂಬಿ ಎಲ್ಲವೂ ತೆವಳತೊಡಗುತ್ತದೆ, ಆಮೇಲೆ ಕರ್ನೆಲ್ ಜಾಗ ಮಾಡಿಕೊಳ್ಳಲು ಯಾವುದಾದರೊಂದು ಪ್ರೋಸೆಸ್‌ನ್ನು ಕೊಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದಿರುವುದು ಕ್ಯೂಎಮು ಆದ್ದರಿಂದ ಸಾಮಾನ್ಯವಾಗಿ ಬಲಿಯಾಗುವುದೂ ಅದೇ. ಗೆಸ್ಟ್‌ನ ಒಳಗಿನಿಂದ ನೋಡಿದರೆ ಇದು ಕರೆಂಟ್ ಹೋದ ಹಾಗೆ. ಹೋಸ್ಟ್‌ಗೆ ಕನಿಷ್ಠ 3 ಜಿಬಿ ಉಳಿಸಿ, ಗ್ರಾಫಿಕ್ಸ್ ಇಲ್ಲದ ಸರ್ವರ್ ಗೆಸ್ಟ್‌ಗಳಿಗೆ ತಲಾ 1 ಅಥವಾ 2 ಜಿಬಿ ಕೊಟ್ಟರೆ ನಿಮ್ಮ ವೆಬ್ ಸರ್ವರ್ ಅಭ್ಯಾಸ ಆರಾಮವಾಗಿ ನಡೆಯುತ್ತದೆ. ಇದನ್ನು ಬರೆಯಲು ಒಂದು ಪುಟ ಬೇಕಾದರೂ ತೆಗೆದುಕೊಳ್ಳಿ.

ನನ್ನನ್ನು ಅತ್ಯಂತ ಕಳವಳಕ್ಕೀಡುಮಾಡಿದ್ದು ಡಿಸ್ಕ್‌ನ ಭಾಗ. ವೇಗಕ್ಕಾಗಿ ಕ್ಯಾಶ್ (ಡಿಸ್ಕ್‌ಗೆ ಬರೆಯುವುದನ್ನು ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಇಡುವ) ವಿಧಾನವನ್ನು ‘ಅನ್‌ಸೇಫ್’ ಎಂದು ಇಡಲು ಹೇಳಿದ್ದೀರಿ. ಬರೆದದ್ದನ್ನು ಈಗಲೇ ಡಿಸ್ಕ್‌ಗೆ ಸೇರಿಸು ಎಂದು ಗೆಸ್ಟ್ ಕೇಳಿದಾಗ, ಆ ವಿಧಾನದಲ್ಲಿ ಕೋರಿಕೆಯನ್ನೇ ಕಡೆಗಣಿಸಿ, ಸೇರಿತು ಎಂಬ ಉತ್ತರವನ್ನು ಕೊಡಲಾಗುತ್ತದೆ. ಡೇಟಾಬೇಸ್ ಮತ್ತು ಫೈಲ್ ಸಿಸ್ಟಂ ಎರಡೂ ಈ ಉತ್ತರದ ಮೇಲೆ ನಂಬಿಕೆ ಇಟ್ಟೇ ತಮ್ಮ ಲೆಕ್ಕವನ್ನು ಕಾಪಾಡಿಕೊಳ್ಳುವಂಥವು. ಬೇಸಿಗೆಯಲ್ಲಿ ನಮ್ಮ ಕಡೆ ಯಾವ ಹೊತ್ತಿನಲ್ಲಿ ಕರೆಂಟ್ ಹೋಗುತ್ತದೆಂದು ಹೇಳಲಾಗದು, ಮನೆಯ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದವರೇ ಹೆಚ್ಚು. ಅಂಥ ಕಡೆ ಈ ಸಲಹೆಯನ್ನು ಪಾಲಿಸಿದ ವಿದ್ಯಾರ್ಥಿಯ ಪ್ರಾಜೆಕ್ಟ್, ಪರೀಕ್ಷೆಯ ಹಿಂದಿನ ವಾರ ಸರಿಪಡಿಸಲಾಗದಂತೆ ಹಾಳಾದರೆ ಆ ಹೊಣೆ ನಿಮ್ಮದೂ ಹೌದು, ಅಚ್ಚು ಮಾಡಿದ ನನ್ನದೂ ಹೌದು. ಹಾಳಾದರೂ ಚಿಂತೆಯಿಲ್ಲದ ಪರೀಕ್ಷಾರ್ಥ ಗೆಸ್ಟ್‌ಗಳಿಗೆ ಮಾತ್ರ ಆ ಆಯ್ಕೆ ಸರಿ. ಉಳಿದಂತೆ ತಾನಾಗಿ ಬರುವ ವಿಧಾನವನ್ನು ಹಾಗೆಯೇ ಬಿಡಲು ಹೇಳಿ.

ಸ್ನ್ಯಾಪ್‌ಶಾಟ್ (ಗೆಸ್ಟ್‌ನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆದರೆ ಬ್ಯಾಕಪ್ ಬೇಡ ಎಂಬ ವಾಕ್ಯವನ್ನೂ ತೆಗೆಯಿರಿ. ನೀವು ವಿವರಿಸಿರುವ ಬಗೆಯ ಸ್ನ್ಯಾಪ್‌ಶಾಟ್ ಗೆಸ್ಟ್‌ನ ಡಿಸ್ಕ್ ಆಗಿರುವ ಕ್ಯೂಕೌ2 ಕಡತದ ಒಳಗೇ ಇರುತ್ತದೆ, ಆ ಕಡತ ಹೋದರೆ ಡಿಸ್ಕ್, ಸ್ನ್ಯಾಪ್‌ಶಾಟ್ ಎರಡೂ ಹೋಗುತ್ತವೆ. ಗೆಸ್ಟ್‌ನ್ನು ನಿಲ್ಲಿಸಿ ಕಡತವನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳುವುದು ಬ್ಯಾಕಪ್‌ನ ಸರಳ ದಾರಿ. ಇದೇ ಕಡತ 40 ಜಿಬಿ ಎಂದು ಹೇಳಿಕೊಂಡರೂ ಮೊದಲು ಕೆಲವೇ ಜಿಬಿ ಹಿಡಿದು ಬರಬರುತ್ತಾ ಬೆಳೆಯುತ್ತದೆ ಎಂಬುದನ್ನು ನೀವು ಲಾಭವಾಗಿ ಮಾತ್ರ ತೋರಿಸಿದ್ದೀರಿ. ಅಂಥ ನಾಲ್ಕು ಗೆಸ್ಟ್‌ಗಳು ಒಟ್ಟಿಗೆ ಬೆಳೆದು ಹೋಸ್ಟ್‌ನ ಜಾಗ ಮುಗಿದಾಗ, ಕ್ಯೂಎಮು ಗೆಸ್ಟ್‌ಗಳನ್ನು ಇದ್ದಲ್ಲೇ ತಡೆದು ನಿಲ್ಲಿಸುತ್ತದೆ. ಈ ಕಡತಗಳು ಸಹಜವಾಗಿ ಸೇರುವುದು ವಾರ್ ಕೋಶದಡಿಯ ಲಿಬ್‌ವರ್ಟ್ ಇಮೇಜಸ್‌ಗೆ, ಅಂದರೆ ಸಾಮಾನ್ಯವಾಗಿ ವ್ಯವಸ್ಥೆಯ ಕಡತಗಳಿರುವ ರೂಟ್ ಪಾರ್ಟಿಶನ್‌ಗೆ. ಹೋಮ್ ಪಾರ್ಟಿಶನ್ ಬೇರೆ ಮಾಡಿಕೊಂಡವರಲ್ಲಿ ರೂಟ್ ಚಿಕ್ಕದಾಗಿರುತ್ತದೆ ಎಂಬುದನ್ನು ಎಚ್ಚರಿಸಿ.

ಡೌನ್‌ಲೋಡ್ಸ್ ಕೋಶದಲ್ಲಿರುವ ಐಎಸ್‌ಒ ಕಡತವನ್ನು (ಇನ್‌ಸ್ಟಾಲ್ ಡಿಸ್ಕ್‌ನ ಪ್ರತಿಯನ್ನು) ಆಯ್ದುಕೊಂಡಾಗ ‘ಅನುಮತಿ ಇಲ್ಲ’ ಎಂಬ ಸಂದೇಶ ಬರುವುದು ಬಹಳ ಸಾಮಾನ್ಯ. ಕ್ಯೂಎಮು ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ, ಉಬುಂಟು 21.04ರಿಂದ ಈಚೆಗೆ ಹೊಸ ಬಳಕೆದಾರರ ಹೋಮ್ ಕೋಶಗಳನ್ನು ಇತರರು ಪ್ರವೇಶಿಸಲಾಗದಂತೆ ಇಡಲಾಗಿದೆ, ಹಾಗಾಗಿ ಕಡತ ಕಣ್ಣೆದುರು ಇದ್ದರೂ ಅದಕ್ಕೆ ಸಿಗುವುದಿಲ್ಲ. ನಿಮ್ಮ ಲೇಖನದಲ್ಲಿ ಇದರ ಸುಳಿವೂ ಇಲ್ಲ. ಲ್ಯಾಬ್‌ನ ಎಲ್ಲ ವಿದ್ಯಾರ್ಥಿಗಳನ್ನೂ ಲಿಬ್‌ವರ್ಟ್ ಗುಂಪಿಗೆ ಸೇರಿಸಿ ಎಂದು ಮಾತ್ರ ಧಾರಾಳವಾಗಿ ಹೇಳಿದ್ದೀರಿ. ಆ ಗುಂಪಿಗೆ ಸೇರಿದವರಿಗೆ ಹೋಸ್ಟ್‌ನ ರೂಟ್ ಅಧಿಕಾರ, ಅಂದರೆ ಎಲ್ಲವನ್ನೂ ಬದಲಿಸುವ ಅಧಿಕಾರ, ಸಿಕ್ಕಂತೆಯೇ ಲೆಕ್ಕ. ಸ್ವಂತ ಲ್ಯಾಪ್‌ಟಾಪ್‌ಗೆ ಅದು ಸರಿ. ಕಾಲೇಜಿನ ಹಂಚಿಕೆಯ ಯಂತ್ರಕ್ಕೆ ಲಿಬ್‌ವರ್ಟ್‌ನ ಸೆಷನ್ ವಿಧಾನವೇ ತಕ್ಕದ್ದು. ಅಲ್ಲಿ ಗೆಸ್ಟ್ ಆ ವಿದ್ಯಾರ್ಥಿಯ ಹೆಸರಿನಲ್ಲೇ ನಡೆಯುತ್ತದೆ, ನೆಟ್‌ವರ್ಕ್ ಸೌಲಭ್ಯ ಮಾತ್ರ ಸೀಮಿತ.

ನೆಟ್‌ವರ್ಕ್‌ಗೆ ‘ಬ್ರಿಡ್ಜ್ ಆರಿಸಿ’ (ಗೆಸ್ಟ್‌ನ್ನು ಹೊರಗಿನ ನೆಟ್‌ವರ್ಕ್‌ಗೆ ನೇರವಾಗಿ ಸೇರಿಸುವ ವಿಧಾನ) ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕೇಬಲ್ ಇರುವ ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಅದು ನಡೆಯುತ್ತದೆ. ಹಾಸ್ಟೆಲ್‌ನ ವೈಫೈ ಅಥವಾ ಮೊಬೈಲ್ ಹಾಟ್‌ಸ್ಪಾಟ್ ಬಳಸುವವರಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ, ಏಕೆಂದರೆ ತನ್ನಲ್ಲಿ ನೋಂದಾಯಿಸಿಕೊಂಡ ಸಾಧನದ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡ್‌ನ ಗುರುತುಸಂಖ್ಯೆಯಿಂದ) ಬಂದದ್ದನ್ನು ಮಾತ್ರ ವೈಫೈ ಕೇಂದ್ರ ಸ್ವೀಕರಿಸುತ್ತದೆ, ಗೆಸ್ಟ್‌ನ ವಿಳಾಸ ಅದಕ್ಕೆ ಅಪರಿಚಿತ. ಲಿಬ್‌ವರ್ಟ್ ತಾನೇ ಕೊಡುವ ‘ಡಿಫಾಲ್ಟ್’ ನೆಟ್‌ವರ್ಕ್ ಸಾಮಾನ್ಯವಾಗಿ 192.168.122 ಸರಣಿಯ ವಿಳಾಸಗಳನ್ನು ಹಂಚಿ, ನ್ಯಾಟ್ ಮೂಲಕ, ಅಂದರೆ ಹೋಸ್ಟ್‌ನ ವಿಳಾಸದ ಹೆಸರಿನಲ್ಲೇ, ಗೆಸ್ಟ್‌ಗಳನ್ನು ಹೊರಗೆ ಬಿಡುತ್ತದೆ. ಗೆಸ್ಟ್‌ಗಳು ತಮ್ಮತಮ್ಮಲ್ಲಿ ಮತ್ತು ಹೋಸ್ಟ್‌ನೊಂದಿಗೆ ಮಾತನಾಡಬಲ್ಲವು, ಹೊರಗಿನ ಯಂತ್ರಗಳು ಮಾತ್ರ ಅವುಗಳನ್ನು ನೇರವಾಗಿ ತಲುಪಲಾರವು. ನಿಮ್ಮ ಅಭ್ಯಾಸಕ್ಕೆ ಇದು ಪೂರ್ತಿ ಸಾಲುತ್ತದೆ. ಆ ನೆಟ್‌ವರ್ಕ್ ಚಾಲೂ ಆಗಿಲ್ಲವೆಂಬ ದೂರು ಬಂದಾಗ ಅದನ್ನು ಆರಂಭಿಸುವ ಮತ್ತು ಪ್ರತಿ ಸಲ ತಾನಾಗಿಯೇ ಆರಂಭವಾಗುವಂತೆ ಮಾಡುವ ಆಜ್ಞೆಗಳನ್ನು ಸೇರಿಸಿ.

ವಿಂಡೋಸ್ ಗೆಸ್ಟ್‌ನ ಭಾಗವನ್ನು ಸದ್ಯಕ್ಕೆ ಪೂರ್ತಿ ಬಿಡಿ. ಡಿಸ್ಕ್‌ಗೆ ವರ್ಟಿಯೊ (ವರ್ಚುವಲ್ ಮೆಷಿನ್‌ಗಳಿಗೆಂದೇ ರೂಪಿಸಿದ ವೇಗದ ಸಾಧನ) ಆಯ್ದು, ಅದರ ಡ್ರೈವರ್ ಇರುವ ಐಎಸ್‌ಒ ಜೋಡಿಸದಿದ್ದರೆ ವಿಂಡೋಸ್‌ಗೆ ಡಿಸ್ಕ್ ಕಾಣುವುದೇ ಇಲ್ಲ. ವಿಂಡೋಸ್ 11ಕ್ಕಂತೂ ಟಿಪಿಎಂ ಎಂಬ ಭದ್ರತಾ ಚಿಪ್ ಕೂಡ ಬೇಕು. ಅದು ಬೇರೆಯೇ ಲೇಖನದ ವಸ್ತು.

ಹತ್ತು ಹಂತಗಳ ಚೌಕಟ್ಟನ್ನು ಬಿಟ್ಟು ಎರಡು ಕಂತುಗಳಲ್ಲಿ ಬರೆಯಿರಿ. ಮೊದಲನೆಯದರಲ್ಲಿ ಪ್ರೊಸೆಸರ್ ಪರೀಕ್ಷೆಯಿಂದ ಹಿಡಿದು ಒಂದು ಗೆಸ್ಟ್ ಎದ್ದು ನಿಲ್ಲುವವರೆಗೆ ಬರಲಿ, ಎರಡನೆಯದರಲ್ಲಿ ನೆಟ್‌ವರ್ಕ್, ಬ್ಯಾಕಪ್ ಮತ್ತು ನಿಮ್ಮ ವೆಬ್ ಸರ್ವರ್ ಅಭ್ಯಾಸ ಇರಲಿ. ಬರೆಯುವ ಮೊದಲು 8 ಜಿಬಿಯ ಲ್ಯಾಪ್‌ಟಾಪ್ ಒಂದರಲ್ಲಿ, ವೈಫೈ ಮಾತ್ರ ಬಳಸಿ, ಹೊಸದಾಗಿ ಲಿನಕ್ಸ್ ಹಾಕಿದ ಸ್ಥಿತಿಯಿಂದ ಎಲ್ಲವನ್ನೂ ನೀವೇ ಮಾಡಿ, ಎದುರಾದ ಪ್ರತಿಯೊಂದು ತಪ್ಪುಸಂದೇಶವನ್ನೂ ಅದು ಬಂದ ರೂಪದಲ್ಲಿಯೇ ಬರೆದಿಟ್ಟುಕೊಳ್ಳಿ. ಓದುಗರು ಹುಡುಕುವುದು ಆ ಸಂದೇಶಗಳನ್ನೇ. ಆಜ್ಞೆಗಳನ್ನು ಪ್ರತ್ಯೇಕ ಕಡತದಲ್ಲಿ ಕಳುಹಿಸಿ, ಅಕ್ಷರದೋಷ ಬಾರದಂತೆ ನಾವು ಅವನ್ನು ಚೌಕಟ್ಟಿನೊಳಗೆ ಅಚ್ಚು ಮಾಡುತ್ತೇವೆ. ಮೊದಲ ಕಂತು ಸಿದ್ಧವಾದ ಕೂಡಲೇ ಕಳುಹಿಸಿ, ಎರಡನೆಯದಕ್ಕಾಗಿ ಕಾಯಬೇಕಾಗಿಲ್ಲ.

ಇಂತಿ,
ಸಂಪಾದಕ