ಚಾಮುಂಡಿ ಬೆಟ್ಟ ಅಗೆದರೆ ಡೈನೋಸಾರ್ ಮೂಳೆ ಸಿಗುತ್ತದಾ? ಪಳೆಯುಳಿಕೆ ಹೇಗಾಗುತ್ತದೆ ಅಂತ ನಾಲ್ಕನೇ ಕ್ಲಾಸಿನ ಮಗಳಿಗೆ ಹೇಗೆ ಹೇಳಲಿ?

ಬೆಟ್ಟದಲ್ಲಿ ಸಿಗುವುದಿಲ್ಲ. ಅದು ಗ್ರಾನೈಟ್, ನೆಲದಾಳದ ಬಿಸಿ ಕಲ್ಲಿನ ಪಾಕ ಆರಿ ಆದದ್ದು. ವಯಸ್ಸು ಸುಮಾರು 80 ಕೋಟಿ ವರ್ಷ. ಡೈನೋಸಾರ್ ಬಂದದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ!

ಪಳೆಯುಳಿಕೆಗೆ ಕೆಸರು ಬೇಕು. ಸತ್ತ ಪ್ರಾಣಿ ಬೇಗನೆ ಹೂಳಿನಲ್ಲಿ ಮುಚ್ಚಿಹೋಗಬೇಕು. ಮಾಂಸ ಕೊಳೆಯುತ್ತದೆ, ಮೂಳೆ ಉಳಿಯುತ್ತದೆ. ಮೂಳೆಯ ಸಣ್ಣ ತೂತುಗಳಿಗೆ ನೀರು ಇಳಿದು, ತನ್ನಲ್ಲಿರುವ ಖನಿಜವನ್ನು ಅಲ್ಲೇ ಬಿಡುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಪದರ ಕಟ್ಟುತ್ತದೆ ಅಲ್ವಾ, ಹಾಗೆ. ನಿಧಾನವಾಗಿ ಮೂಳೆ ಕಲ್ಲಾಗುತ್ತದೆ, ಸುತ್ತಲಿನ ಹೂಳೂ ಕಲ್ಲಾಗುತ್ತದೆ.

ಕೆಲವೊಮ್ಮೆ ಹೂಳಿನಲ್ಲಿ ಮುಚ್ಚಿಹೋದ ಕಪ್ಪೆಚಿಪ್ಪು ಪೂರ್ತಿ ಕರಗಿ, ಕಲ್ಲಿನಲ್ಲಿ ಬರೀ ಅದರ ಆಕಾರದ ಗುಳಿ ಉಳಿಯುತ್ತದೆ. ಮಂಡ್ಯದ ಆಲೆಮನೆಯ ಬೆಲ್ಲದಚ್ಚು ತೋರಿಸಿ: ಪಾಕದ ಬದಲು ಆ ಗುಳಿಗೆ ಖನಿಜ ತುಂಬಿದರೆ ಕಲ್ಲಿನ ಚಿಪ್ಪು. (ಬೆಲ್ಲ ಕೊಡಿಸದಿದ್ದರೆ ಪಾಠ ತಲೆಗೆ ಹೋಗುವುದಿಲ್ಲ.) ನಿಜವಾದ ಚಿಪ್ಪಿನ ಪಳೆಯುಳಿಕೆ ಬೇಕಿದ್ದರೆ ತಮಿಳುನಾಡಿನ ಅರಿಯಲೂರು ಕಡೆ ಹೋಗಬೇಕು.